ವಿಲ್ಲಾ ಬ್ರೂಸ್ ಹೆಸರಿನ ಕ್ರಯಪತ್ರ

ಲಾಸ್ ಏಂಜಲೀಸ್ ಕೌಂಟಿಯ ಕರಾವಳಿಯಲ್ಲಿ ಮ್ಯಾನ್‌ಹಟನ್ ಬೀಚ್ ಎಂಬ ಸಣ್ಣ ಊರಿದೆ. ಈಗ ಅದು ಕ್ಯಾಲಿಫೋರ್ನಿಯಾದ ಬಲು ದುಬಾರಿ ಊರುಗಳಲ್ಲೊಂದು. ಅಲ್ಲಿನ 26 ಮತ್ತು 27ನೇ ಬೀದಿಗಳ ನಡುವೆ ಸಮುದ್ರದ ಕಡೆಗೆ ಇಳಿಜಾರಾಗಿರುವ ಹುಲ್ಲಿನ ಉದ್ಯಾನಕ್ಕೆ ಬ್ರೂಸಸ್ ಬೀಚ್ ಎಂದು ಹೆಸರು. 2007ರಲ್ಲಿ ಅಲ್ಲೊಂದು ಫಲಕ ನೆಟ್ಟಿದ್ದರು. ಊರಿನ ಸ್ಥಾಪಕರಲ್ಲೊಬ್ಬರಾದ ಜಾರ್ಜ್ ಪೆಕ್ 1912ರಲ್ಲಿ ಅನುವು ಮಾಡಿಕೊಟ್ಟದ್ದರಿಂದ ಕೆಳಗಿನ ಕಡಲತೀರ ಎಲ್ಲ ಜನರಿಗೂ ತೆರೆದ ವಿಹಾರತಾಣವಾಗಿ ಬೆಳೆಯಿತು ಎಂಬುದು ಅದರ ಸಾರ. ಓದಿದವರ ಮನಸ್ಸಿನಲ್ಲಿ ಉಳಿಯುವ ಚಿತ್ರ ಸ್ಪಷ್ಟವಾಗಿದೆ: ಉದಾರಿಯಾದ ಬಿಳಿಯ ಜಮೀನ್ದಾರ, ಅವರ ಕೃಪೆಯಲ್ಲಿ ಬದುಕು ಕಟ್ಟಿಕೊಂಡ ಬ್ರೂಸ್ ಎಂಬ ಕಪ್ಪು ಕುಟುಂಬ. ನನ್ನ ಹುಡುಕಾಟ ಶುರುವಾದದ್ದು ಈ ಒಂದು ವಾಕ್ಯದಿಂದ. ನೆಲವನ್ನು ಕೊಟ್ಟವರು ಯಾರು, ಪಡೆದವರು ಯಾರು, ಆ ನೆಲ ನಿಜವಾಗಿ ಯಾವುದು, ಅದು ಕೈಬಿಟ್ಟು ಹೋದದ್ದು ಹೇಗೆ? ಆಸ್ತಿಯ ವಿಷಯವಾದ್ದರಿಂದ ಈ ಪ್ರಶ್ನೆಗಳಿಗೆಲ್ಲ ಎಲ್ಲೋ ಒಂದು ಕಡೆ ಕಾಗದದ ಉತ್ತರ ಇರಬೇಕು ಎಂಬ ನಂಬಿಕೆ ನನಗಿತ್ತು.

ಊರಿನ ಆಸ್ತಿಯ ಬಗ್ಗೆ ತಿಳಿಯಬೇಕಾದರೆ ಮೊದಲು ಹೋಗಬೇಕೆನಿಸುವುದು ನಗರಸಭೆಯ ಕಡತಗಳಿಗೆ. ಆ ದಾರಿ ಬೇಗ ಮುಗಿಯುತ್ತದೆ. ಮ್ಯಾನ್‌ಹಟನ್ ಬೀಚ್ ನಗರವೆಂದು ಘೋಷಿತವಾದದ್ದು 1912ರ ಡಿಸೆಂಬರಿನಲ್ಲಿ. ಬ್ರೂಸ್ ದಂಪತಿ ತಮ್ಮ ವಿಹಾರತಾಣ ತೆರೆದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಅದರ ಸುದ್ದಿ ಜೂನ್ ತಿಂಗಳ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿದೆ. ಅವರು ಜಾಗ ಕೊಂಡಾಗ ನಗರಸಭೆ ಎಂಬುದೇ ಇರಲಿಲ್ಲ. ಇಲ್ಲದ ಕಚೇರಿಯಲ್ಲಿ ಕಡತ ಎಲ್ಲಿಂದ ಬರಬೇಕು? ಆದರೆ ದಾರಿ ಮುಗಿದ ಜಾಗದಲ್ಲೇ ಒಂದು ಸಂಗತಿ ಗಟ್ಟಿಯಾಯಿತು. ಈ ಕುಟುಂಬದ ಒಡೆತನ ಊರಿನ ಆಡಳಿತಕ್ಕಿಂತ ಹಳೆಯದು. ಮುಂದೆ ಅವರ ಆಸ್ತಿಯನ್ನು ತೆಗೆದುಕೊಂಡದ್ದು ಇದೇ ಆಡಳಿತ ಎಂಬುದನ್ನು ನೆನೆದರೆ, ನಡುವಿನ ಆ ಕೆಲವು ತಿಂಗಳ ಅಂತರಕ್ಕೆ ತೂಕವಿದೆ.

ನಗರ ಇಲ್ಲದಿದ್ದರೂ ಕೌಂಟಿ ಇತ್ತು. ಅಮೆರಿಕದಲ್ಲಿ ಜಮೀನಿನ ಪತ್ರಗಳು ದಾಖಲಾಗುವುದು ಸಾಮಾನ್ಯವಾಗಿ ಕೌಂಟಿಯ ಮಟ್ಟದಲ್ಲಿ. ನಮ್ಮ ಜಿಲ್ಲೆಗೆ ಹತ್ತಿರದ ಘಟಕ ಅದು. ಕ್ಯಾಲಿಫೋರ್ನಿಯಾ ರಾಜ್ಯವಾದ 1850ರಿಂದಲೇ ಪ್ರತಿ ಕೌಂಟಿಗೂ ರೆಕಾರ್ಡರ್ ಎಂಬ ಅಧಿಕಾರಿ ಇದ್ದಾರೆ. ಕ್ರಯಪತ್ರ, ಅಡಮಾನ ಪತ್ರ, ಅಡಮಾನ ತೀರಿದ ಪತ್ರ, ಬಡಾವಣೆಯ ನಕ್ಷೆ, ಕೋರ್ಟಿನ ಆದೇಶ ಎಲ್ಲವೂ ಅವರಲ್ಲಿಗೆ ಬರುತ್ತವೆ. ನೋಟರಿಯ ಎದುರು ಸಹಿಯಾದ ಪತ್ರವನ್ನು ಕಚೇರಿ ತೆಗೆದುಕೊಂಡು, ದಿನ, ಗಂಟೆ, ಕ್ರಮಸಂಖ್ಯೆ ಹಾಕಿ, ಪ್ರತಿ ಇಟ್ಟುಕೊಂಡು ಮೂಲವನ್ನು ಹಿಂತಿರುಗಿಸುತ್ತದೆ. ಅಷ್ಟೇ ಅದರ ಕೆಲಸ. ಮಾರಿದವರಿಗೆ ನಿಜಕ್ಕೂ ಮಾರುವ ಹಕ್ಕು ಇತ್ತೇ ಎಂದು ರೆಕಾರ್ಡರ್ ವಿಚಾರಿಸುವುದಿಲ್ಲ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯೂ ಹೀಗೆಯೇ. ನೋಂದಣಿಯಾಯಿತು ಎಂದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ. ದಾಖಲಾದ ಪತ್ರ ಜಗತ್ತಿಗೆಲ್ಲ ತಿಳಿದಂತೆ ಎಂದು ಕಾನೂನು ಭಾವಿಸುತ್ತದೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಹೊಣೆ ಮಾತ್ರ ಓದುವವರದು.

ಲಾಸ್ ಏಂಜಲೀಸ್ ಕೌಂಟಿಯ ಈ ಕಚೇರಿಯ ಕೇಂದ್ರ ಇರುವುದು ನಾರ್‌ವಾಕ್ ಎಂಬಲ್ಲಿ. ಪತ್ರಗಳ ಪ್ರತಿಯನ್ನು ಮನೆಯಲ್ಲಿ ಕುಳಿತು ಅಂತರಜಾಲದಲ್ಲಿ ನೋಡುವ ಹಾಗಿಲ್ಲ. ಅಲ್ಲಿಗೆ ಹೋಗಿ ಸೂಚಿಯಲ್ಲಿ ಹುಡುಕಿ, ಪುಸ್ತಕ ಮತ್ತು ಪುಟದ ಸಂಖ್ಯೆ ಗುರುತು ಹಾಕಿಕೊಂಡು ಪ್ರತಿ ಕೇಳಬೇಕು. ತೊಡಕು ಇರುವುದು ಈ ಸೂಚಿಯಲ್ಲೇ. ಭಾರತದ 1908ರ ನೋಂದಣಿ ಕಾಯ್ದೆಯಲ್ಲಿ ಒಂದನೇ ಸೂಚಿ ವ್ಯಕ್ತಿಗಳ ಹೆಸರಿನದು, ಎರಡನೇ ಸೂಚಿ ಆಸ್ತಿಯದು. ಹೆಸರು ಗೊತ್ತಿಲ್ಲದಿದ್ದರೂ ಸರ್ವೆ ನಂಬರು ಅಥವಾ ಚಕ್ಕುಬಂದಿ ಹಿಡಿದು ಋಣಭಾರ ಪತ್ರ ತೆಗೆಸಲು ಸಾಧ್ಯವಾಗುವುದು ಆ ಎರಡನೆಯದರಿಂದ. ಇಲ್ಲಿನ ಸಾರ್ವಜನಿಕ ಸೂಚಿ ಹೆಸರಿನದು ಮಾತ್ರ: ಕೊಟ್ಟವರ ಪಟ್ಟಿ ಒಂದು, ಪಡೆದವರ ಪಟ್ಟಿ ಇನ್ನೊಂದು. ಜಾಗದ ಲೆಕ್ಕದಲ್ಲಿ ಪತ್ರಗಳನ್ನು ಜೋಡಿಸಿಟ್ಟುಕೊಂಡಿರುವುದು ಹಕ್ಕು ವಿಮೆ ಮಾರುವ ಖಾಸಗಿ ಕಂಪನಿಗಳು. ಸಾಮಾನ್ಯ ಓದುಗನ ಕೈಯಲ್ಲಿ ಒಂದು ಹೆಸರು ಇರಬೇಕು, ಅದು ಸರಿಯಾದ ಹೆಸರೂ ಆಗಿರಬೇಕು.

ಯಾರ ಹೆಸರು? ಚಾರ್ಲ್ಸ್ ಮತ್ತು ವಿಲ್ಲಾ ಬ್ರೂಸ್ ಗಂಡಹೆಂಡತಿ. 1912ರ ಕಾಲ, ಗಂಡನ ಹೆಸರಿನಲ್ಲೇ ಆಸ್ತಿ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಪಡೆದವರ ಪಟ್ಟಿಯಲ್ಲಿ ಚಾರ್ಲ್ಸ್ ಬ್ರೂಸ್ ಎಂದು ಹುಡುಕುತ್ತ ಹೋದರೆ ಈ ಕಡಲತೀರದ ಪತ್ರ ಸಿಗುವುದಿಲ್ಲ. ಬ್ರೂಸ್ ಎಂಬುದು ಸಾಮಾನ್ಯ ಅಡ್ಡಹೆಸರು, ಲಾಸ್ ಏಂಜಲೀಸ್ ಆಗ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದ್ದ ಊರು; ಸಾಲು ಸಾಲು ಬ್ರೂಸ್‌ಗಳು ಬರುತ್ತಾರೆ, ಬೇಕಾದವರು ಬರುವುದಿಲ್ಲ. ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಜೂನ್ 1912ರ ಪತ್ರಿಕೆಯ ವರದಿಗಾರನಿಗೆ ವಿಲ್ಲಾ ಬ್ರೂಸ್ ಹೇಳಿದ್ದಾರೆನ್ನಲಾದ ಮಾತನ್ನು ಮತ್ತೆ ಓದಿದೆ. ಕಡಲತೀರದಲ್ಲಿ ಜಾಗ ಕೊಳ್ಳಲು ಹೋದಾಗಲೆಲ್ಲ ನಮ್ಮನ್ನು ತಿರುಗಿಸಿ ಕಳಿಸಿದ್ದಾರೆ, ಈ ಜಾಗದ ಒಡತಿ ನಾನು, ಇದನ್ನು ಉಳಿಸಿಕೊಳ್ಳುತ್ತೇನೆ ಎಂಬುದು ಅದರ ತಾತ್ಪರ್ಯ. ತಿರುಗಿಸಿ ಕಳಿಸಿದ್ದು ಇಬ್ಬರನ್ನೂ. ಒಡೆತನದ ಮಾತು ಬಂದಾಗ ಮಾತ್ರ ಅವರು ತಮ್ಮೊಬ್ಬರ ಹೆಸರಿನಲ್ಲಿ ಮಾತಾಡುತ್ತಾರೆ. ಪತ್ರಿಕೆಯ ವರದಿ ಸಾಕ್ಷ್ಯವಾಗಿ ದುರ್ಬಲ, ಸುಳಿವಾಗಿ ಸಾಕು. ಸೂಚಿಯಲ್ಲಿ ಚಾರ್ಲ್ಸ್ ಬಿಟ್ಟು ವಿಲ್ಲಾ ಎಂದು ಹುಡುಕಿದರೆ ಪತ್ರ ಅಲ್ಲಿತ್ತು. ಕೊಂಡವರು ವಿಲ್ಲಾ ಬ್ರೂಸ್. ಮಾರಿದವರು ಲಾಸ್ ಏಂಜಲೀಸಿನ ಹೆನ್ರಿ ವಿಲ್ಲರ್ಡ್ ಎಂಬ ರಿಯಲ್ ಎಸ್ಟೇಟ್ ವ್ಯಾಪಾರಿ. ಜಾರ್ಜ್ ಪೆಕ್ ಅಲ್ಲ.

ಇಂಥ ಸಾಲು ಕಣ್ಣಿಗೆ ಬಿದ್ದಾಗ ಮೈ ಜುಂ ಎನ್ನುತ್ತದೆ, ನಿಜ. ಆದರೆ ಅದು ಎಷ್ಟನ್ನು ಸಾಬೀತು ಮಾಡುತ್ತದೆ, ಎಷ್ಟನ್ನು ಮಾಡುವುದಿಲ್ಲ ಎಂದು ತೂಗಬೇಕು. ಆ ಕಾಲದಲ್ಲಿ ರೆಕಾರ್ಡರ್ ಕಚೇರಿಯ ಗುಮಾಸ್ತರು ತಂದ ಪತ್ರವನ್ನು ನೋಡಿಕೊಂಡು ದೊಡ್ಡ ಪುಸ್ತಕಕ್ಕೆ ನಕಲು ಮಾಡುತ್ತಿದ್ದರು. ಇವತ್ತು ನಮಗೆ ಸಿಗುವುದು ಆ ನಕಲಿನ ಚಿತ್ರ. ವಿಲ್ಲರ್ಡ್ ಸಹಿ ಮಾಡಿದ ಮೂಲಪತ್ರ ವಿಲ್ಲಾ ಅವರ ಕೈಗೆ ಹೋಗಿತ್ತು. ಗುಮಾಸ್ತರು ಅಕ್ಷರ ತಪ್ಪಿರಬಹುದು, ನಿವೇಶನದ ಸಂಖ್ಯೆ ತಪ್ಪಿರಬಹುದು. ಹಾಗಾಗಿ ಒಂದು ಪತ್ರವನ್ನು ಒಂಟಿಯಾಗಿ ನಂಬದೆ, ಅದೇ ನಿವೇಶನದ ಬೇರೆ ಕಾಗದಗಳು ಅದೇ ಮಾತನ್ನು ಹೇಳುತ್ತವೆಯೇ ಎಂದು ನೋಡಬೇಕು. ಇಲ್ಲಿ ಹೇಳುತ್ತವೆ. ಮುಂದೆ ಕೋರ್ಟು ಈ ಕುಟುಂಬವನ್ನು ಪ್ರತಿವಾದಿಯಾಗಿ ಕರೆದು ಪರಿಹಾರ ಕಟ್ಟಿಕೊಟ್ಟದ್ದೇ ಅವರ ಒಡೆತನಕ್ಕೆ ಎರಡನೆಯ, ಸ್ವತಂತ್ರ ಸಾಕ್ಷ್ಯ.

ಬೆಲೆಯ ವಿಷಯ ಅಷ್ಟು ಸುಲಭವಲ್ಲ. 1,225 ಡಾಲರ್ ಎಂಬ ಅಂಕಿ ಈ ಕಥೆ ಬರೆದವರೆಲ್ಲರಲ್ಲೂ ಬರುತ್ತದೆ. ಅಮೆರಿಕದ ಹಳೆಯ ಕ್ರಯಪತ್ರಗಳಲ್ಲಿ ಹತ್ತು ಡಾಲರ್ ಮತ್ತು ಇತರ ಪ್ರತಿಫಲ ಎಂದು ಬರೆದು ನಿಜವಾದ ಬೆಲೆಯನ್ನು ಮುಚ್ಚಿಡುವುದು ವಾಡಿಕೆ. ಆಗ ಸಂಶೋಧಕರಿಗೆ ಆಸರೆಯಾಗುವುದು ಸ್ಟಾಂಪು. ಫೆಡರಲ್ ಸರ್ಕಾರ 500 ಡಾಲರಿಗೆ 50 ಸೆಂಟಿನಂತೆ ಸ್ಟಾಂಪು ತೆರಿಗೆ ಹಾಕಿದ್ದ ವರ್ಷಗಳಲ್ಲಿ, ಪತ್ರಕ್ಕೆ ಅಂಟಿಸಿದ ಸ್ಟಾಂಪಿನ ಮೊತ್ತ ಎಣಿಸಿದರೆ ಬೆಲೆ ಹೆಚ್ಚುಕಡಿಮೆ ತಿಳಿಯುತ್ತದೆ. ಆದರೆ 1898ರ ಸ್ಪೇನ್ ಯುದ್ಧದ ಖರ್ಚಿಗೆಂದು ಬಂದ ಆ ತೆರಿಗೆ 1902ರ ಹೊತ್ತಿಗೆ ಹೋಗಿತ್ತು, ಮತ್ತೆ ಬಂದದ್ದು 1914ರಲ್ಲಿ. 1912ರ ಪತ್ರ ಈ ಎರಡರ ನಡುವಿನ ಬಯಲಿನಲ್ಲಿ ಬೀಳುತ್ತದೆ. ಸ್ಟಾಂಪಿನ ಆಸರೆ ಅದಕ್ಕಿಲ್ಲ. ಆದ್ದರಿಂದ 1,225 ಎಂಬುದನ್ನು ಬಹುಕಾಲದಿಂದ ಎಲ್ಲರೂ ಒಪ್ಪಿರುವ ಅಂಕಿ ಎನ್ನಬಲ್ಲೆ. ಕೋರ್ಟು ಬರೆದಿಟ್ಟ ಅಂಕಿಗೆ ಕೊಡುವ ದರ್ಜೆಯನ್ನು ಅದಕ್ಕೆ ಕೊಡಲಾರೆ.

ಪತ್ರ ಹೆಂಡತಿಯ ಹೆಸರಿನಲ್ಲಿ ಏಕೆ ಇತ್ತು ಎಂಬುದು ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟ ಪ್ರಶ್ನೆ. ಚಾರ್ಲ್ಸ್ ಸಾಲ್ಟ್ ಲೇಕ್ ಸಿಟಿಗೂ ಲಾಸ್ ಏಂಜಲೀಸಿಗೂ ನಡುವೆ ಓಡುವ ರೈಲಿನ ಊಟದ ಬೋಗಿಯಲ್ಲಿ ಬಾಣಸಿಗರಾಗಿದ್ದರು, ಹಾಗಾಗಿ ಬಹಳ ದಿನ ಊರಲ್ಲಿ ಇರುತ್ತಿರಲಿಲ್ಲ. ವಿಹಾರತಾಣವನ್ನು ನಡೆಸಿದವರು ವಿಲ್ಲಾ. ತಿಂಡಿ, ತಂಪು ಪಾನೀಯ ಮಾರುವ ಅಂಗಡಿ, ಬಾಡಿಗೆಗೆ ಈಜುಡುಗೆ, ಬಟ್ಟೆ ಬದಲಿಸುವ ಕೋಣೆ. ಹೀಗೆ ಶುರುವಾದದ್ದು ಬರಬರುತ್ತ ದೊಡ್ಡದಾಯಿತು. ಇದು ಒಂದು ವಿವರಣೆ. ಇನ್ನೊಂದು ಕಾನೂನಿನಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ನಂತರ ಗಳಿಸಿದ ಆಸ್ತಿ ಗಂಡಹೆಂಡಿರ ಜಂಟಿ ಆಸ್ತಿ, ಆಗ ಅದರ ಆಡಳಿತ ಗಂಡನದು. ಆದರೆ 1889ರ ಒಂದು ತಿದ್ದುಪಡಿಯ ಪ್ರಕಾರ, ಲಿಖಿತ ಪತ್ರದ ಮೂಲಕ ಮದುವೆಯಾದ ಹೆಣ್ಣಿನ ಹೆಸರಿಗೆ ಬಂದ ಆಸ್ತಿ ಅವಳದೇ ಪ್ರತ್ಯೇಕ ಆಸ್ತಿ ಎಂದು ಮೊದಲು ಭಾವಿಸಬೇಕು. ವಿಲ್ಲಾ ಅವರಿಗೆ ಈ ನಿಯಮ ಗೊತ್ತಿತ್ತೇ ಎಂಬುದನ್ನು ಪತ್ರ ಹೇಳುವುದಿಲ್ಲ. ಜಾಗದ ಒಡತಿ ನಾನು ಎಂಬ ಅವರ ಮಾತು ಕಾನೂನಿನ ಕಣ್ಣಲ್ಲೂ ಸರಿಯಾಗಿತ್ತು ಎಂಬುದನ್ನು ಮಾತ್ರ ಹೇಳುತ್ತದೆ.

ಹಾಗಾದರೆ ಪೆಕ್ ಹೆಸರು ಈ ಕಥೆಯೊಳಗೆ ಬಂದದ್ದು ಹೇಗೆ? ಉತ್ತರ ನಕ್ಷೆಯಲ್ಲಿದೆ. ಕ್ರಯಪತ್ರದಲ್ಲಿ ಆಸ್ತಿಯನ್ನು ಗುರುತಿಸುವುದು ಮನೆ ನಂಬರಿನಿಂದಲ್ಲ, ಬಡಾವಣೆಯ ಹೆಸರು, ಬ್ಲಾಕು ಮತ್ತು ನಿವೇಶನದ ಸಂಖ್ಯೆಯಿಂದ. ಬ್ರೂಸ್ ಕುಟುಂಬದ ನಿವೇಶನಗಳು ‘ಪೆಕ್ಸ್ ಮ್ಯಾನ್‌ಹಟನ್ ಬೀಚ್ ಟ್ರ್ಯಾಕ್ಟ್’ ಎಂಬ ಬಡಾವಣೆಯ 5ನೇ ಬ್ಲಾಕಿನ 8 ಮತ್ತು 9ನೇ ಸಂಖ್ಯೆಯವು. ಒಂದನ್ನು 1912ರಲ್ಲೂ ಪಕ್ಕದ್ದನ್ನು 1920ರಲ್ಲೂ ಕೊಂಡರು. ಬಡಾವಣೆ ಮಾಡಿದವರ ಹೆಸರು ಪ್ರತಿ ಪತ್ರದಲ್ಲೂ ಬರುತ್ತದೆ, ಯಾರು ಯಾರಿಗೆ ಮಾರಿದರೂ ಬರುತ್ತದೆ. ನಕ್ಷೆಯ ಮೇಲಿನ ಹೆಸರನ್ನು ನೆಲ ಕೊಟ್ಟವರ ಹೆಸರೆಂದು ಓದಿದರೆ ಫಲಕದ ವಾಕ್ಯ ಹುಟ್ಟುತ್ತದೆ.

ಪೆಕ್ ಪರವಾದ ವಾದವನ್ನು ಅಷ್ಟಕ್ಕೇ ತಳ್ಳಿಬಿಡುವುದು ನ್ಯಾಯವಲ್ಲ. ಅವರು ತಮ್ಮ ಬಡಾವಣೆಯ ಎರಡು ಬ್ಲಾಕುಗಳನ್ನು ಕಪ್ಪು ಜನರಿಗೆಂದು ಮೀಸಲಿಟ್ಟಿದ್ದರು ಎಂದು ಊರಿನ ಸ್ಥಳೀಯ ಇತಿಹಾಸ ಹೇಳುತ್ತ ಬಂದಿತ್ತು. ವಿಲ್ಲರ್ಡ್ ನಡುವಿನ ವ್ಯಾಪಾರಿ ಮಾತ್ರವಾಗಿದ್ದು, ಹಿಂದಿನ ಇಚ್ಛೆ ಪೆಕ್ ಅವರದೇ ಆಗಿರಬಾರದೇಕೆ? ಆಗಿರಬಹುದು. ಆದರೆ ಹಾಗೆ ಮೀಸಲಿಟ್ಟಿದ್ದರೆ ಕುರುಹು ಬಿಡಬೇಕಿತ್ತು: ನಕ್ಷೆಯ ಮೇಲೊಂದು ಟಿಪ್ಪಣಿ, ಪತ್ರಗಳಲ್ಲೊಂದು ಷರತ್ತು, ಆ ಬ್ಲಾಕುಗಳ ಒಡೆಯರ ಪಟ್ಟಿಯಲ್ಲಿ ಒಂದು ಮಾದರಿ. ಒಡೆಯರ ಪಟ್ಟಿ ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. 1924ರಲ್ಲಿ 5 ಮತ್ತು 12ನೇ ಬ್ಲಾಕುಗಳ ಸುಮಾರು 30 ನಿವೇಶನಗಳ ಮೇಲೆ ನಗರ ಕೈಹಾಕಿದಾಗ, ಮನೆ ಕಟ್ಟಿಕೊಂಡಿದ್ದ ಬೆರಳೆಣಿಕೆಯ ಕಪ್ಪು ಕುಟುಂಬಗಳನ್ನು ಬಿಟ್ಟರೆ ಉಳಿದ ಬಹುಪಾಲು ಖಾಲಿ ನಿವೇಶನಗಳು ಬಿಳಿಯರ ಹೆಸರಿನಲ್ಲಿದ್ದವು. ಮೀಸಲಿಟ್ಟ ಬ್ಲಾಕಿನಲ್ಲಿ ಹೀಗಿರಲು ಸಾಧ್ಯವಿಲ್ಲ. ಅದೇ ಜೂನ್ 1912ರ ಪತ್ರಿಕೆಯಲ್ಲಿ ಇನ್ನೊಂದು ವಿವರವೂ ಇದೆ. ಬ್ರೂಸ್ ಜಾಗಕ್ಕೂ ಅಲೆಗಳಿಗೂ ನಡುವಿನ ಮರಳಿನ ಪಟ್ಟಿ ಪೆಕ್ ಅವರದಾಗಿತ್ತು. ಅಲ್ಲಿ ಅತಿಕ್ರಮ ಪ್ರವೇಶ ನಿಷೇಧದ ಫಲಕ ಹಾಕಿ ಕಾವಲು ನಿಲ್ಲಿಸಿದ್ದರಿಂದ, ಬಂದ ಜನ ನೀರಿಗಿಳಿಯಲು ಅರ್ಧ ಮೈಲಿ ಸುತ್ತಿ ಹೋಗಬೇಕಾಯಿತು. ಅನುವು ಮಾಡಿಕೊಟ್ಟವರ ನಡತೆ ಇದಲ್ಲ.

ಈ ಹಂತದಲ್ಲಿ ಆ ಕಾಲದ ಪತ್ರಗಳ ನಡುವೆ ಓಡಾಡುವಾಗ ಬೇರೆಯದೇ ಒಂದು ಬಗೆಯ ವಾಕ್ಯ ಎದುರಾಗುತ್ತದೆ, ನಿಂತು ಅದನ್ನು ನೋಡದೆ ಮುಂದೆ ಹೋಗಲಾಗುವುದಿಲ್ಲ. ಈ ಆಸ್ತಿಯನ್ನು ಬಿಳಿಯರಲ್ಲದವರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಮನೆಗೆಲಸದವರಾಗಿ ಹೊರತು ಅವರು ಇಲ್ಲಿ ವಾಸಿಸಬಾರದು ಎಂಬ ಷರತ್ತು. 20ನೇ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಉದ್ದಗಲಕ್ಕೂ ಇಂಥ ಪತ್ರಗಳು ದಾಖಲಾದವು. ಕೋರ್ಟುಗಳು ಅದನ್ನು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ, ಶೆಲ್ಲಿ ಮತ್ತು ಕ್ರೇಮರ್ ಪ್ರಕರಣದಲ್ಲಿ. ವಿಲ್ಲಾ ಅವರ ಕ್ರಯಪತ್ರವನ್ನು ಇಟ್ಟುಕೊಂಡ ಕಚೇರಿಯೇ, ವಿಲ್ಲಾ ಅಂಥವರು ಕಾಲಿಡಬಾರದು ಎಂಬ ಪತ್ರಗಳನ್ನೂ ಅಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಂಡಿತು. ಬಂದ ಧಾನ್ಯವನ್ನೆಲ್ಲ ಅಳೆದು ತುಂಬಿಕೊಳ್ಳುವ ಕಣಜದಂತೆ ಅದು. ಕಾಳು, ಜೊಳ್ಳು ಬೇರೆ ಮಾಡುವುದು ಅದರ ಕೆಲಸವಲ್ಲ. ಆ ನಿರ್ಲಿಪ್ತತೆಯಲ್ಲಿ ಅನ್ಯಾಯ ಇತ್ತು. ಅದೇ ನಿರ್ಲಿಪ್ತತೆಯಿಂದಾಗಿ ಅನ್ಯಾಯದ ಸಾಕ್ಷ್ಯವೂ ಉಳಿಯಿತು. ಇಂಥ ಷರತ್ತುಗಳನ್ನು ಹುಡುಕಿ ಅಳಿಸುವ ಯೋಜನೆಯನ್ನು ಪ್ರತಿ ಕೌಂಟಿಯೂ 2022ರ ಜುಲೈ 1ರೊಳಗೆ ಸಿದ್ಧಪಡಿಸಬೇಕೆಂದು ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿತು. ಅಳಿಸುವ ಮೊದಲಿನ ಪ್ರತಿಯನ್ನೂ ಉಳಿಸಬೇಕು ಎಂದು ಆ ಕಾನೂನು ಹೇಳಿರುವುದು ನನ್ನ ಮಟ್ಟಿಗೆ ಅದರ ಬಹಳ ವಿವೇಕದ ಭಾಗ.

ನೆಲ ಬಂದದ್ದು ತಿಳಿಯಿತು. ಹೋದದ್ದು? ಹೆಸರಿನ ಸೂಚಿಯ ನಿಯಮದಂತೆ, ಮುಂದಿನ ಹೆಜ್ಜೆ ಕೊಟ್ಟವರ ಪಟ್ಟಿಯಲ್ಲಿ ವಿಲ್ಲಾ ಬ್ರೂಸ್ ಹೆಸರು ಹುಡುಕುವುದು. ಅವರು ಮಾರಿದ್ದರೆ ಅಲ್ಲಿ ಒಂದು ಕ್ರಯಪತ್ರ ಇರಬೇಕು. ಆದರೆ ಅವರು ಮಾರಲೇ ಇಲ್ಲ. ಕ್ಯಾಲಿಫೋರ್ನಿಯಾದ ಅಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಸರ್ಕಾರ ಖಾಸಗಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನ ಮಾಡಿಕೊಳ್ಳಬೇಕಾದರೆ ಕೋರ್ಟಿಗೆ ಹೋಗಬೇಕು. ಪರಿಹಾರ ಸಂದಾಯವಾದ ಮೇಲೆ ಬರುವ ಅಂತಿಮ ಆದೇಶದ ಪ್ರತಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾಗಬೇಕು. ಆಗಲೇ ಒಡೆತನ ಬದಲಾಗುವುದು. ಮಾಲೀಕರ ಸಹಿ ಎಲ್ಲೂ ಬೇಕಿಲ್ಲ. ಸಹಿ ಇಲ್ಲದೆ ಒಡೆತನ ಬದಲಾಗುವ ಈ ದಾರಿ ಹೊಳೆದ ಮೇಲೆ ಹುಡುಕಾಟ ರೆಕಾರ್ಡರ್ ಕಚೇರಿಯಿಂದ ಕೋರ್ಟಿನ ಕಡತಕ್ಕೆ ತಿರುಗಿತು.

ಕೋರ್ಟಿನ ಕಥೆಯ ಎಲುಬು ಇಷ್ಟು. 1924ರಲ್ಲಿ ನಗರದ ಆಡಳಿತ ಮಂಡಳಿ ಆ ಎರಡು ಬ್ಲಾಕುಗಳನ್ನು ಉದ್ಯಾನಕ್ಕೆಂದು ಸ್ವಾಧೀನ ಮಾಡಿಕೊಳ್ಳಲು ತೀರ್ಮಾನಿಸಿತು. ಬ್ರೂಸ್ ದಂಪತಿ ಆಸ್ತಿಗೆ 70,000 ಡಾಲರ್, ಆದ ನಷ್ಟಕ್ಕೆ 50,000, ಒಟ್ಟು 1,20,000 ಡಾಲರ್ ಕೇಳಿದರು. 1927ರಲ್ಲಿ ಅವರ ಕಟ್ಟಡಗಳನ್ನು ಕೆಡವಲಾಯಿತು. 1929ರಲ್ಲಿ ಪ್ರಕರಣ ಮುಗಿದಾಗ ಅವರಿಗೆ ಸಿಕ್ಕಿದ್ದು 14,500 ಡಾಲರ್. ಚಾರ್ಲ್ಸ್ 1931ರಲ್ಲೂ ವಿಲ್ಲಾ 1934ರಲ್ಲೂ ತೀರಿಕೊಂಡರು.

ಕಾಗದದ ಪ್ರಕಾರ ಉದ್ದೇಶ ಉದ್ಯಾನ. ಕಪ್ಪು ಜನರನ್ನು ಓಡಿಸಲಿಕ್ಕಾಗಿ ಎಂದು ಯಾವ ನಗರವೂ ಕೋರ್ಟಿನಲ್ಲಿ ಬರೆದುಕೊಡುವುದಿಲ್ಲ. ಹಾಗಿದ್ದರೆ ಉದ್ದೇಶ ಅದೇ ಆಗಿತ್ತು ಎಂದು ಹೇಳಲು ನಮಗೇನು ಆಧಾರ? ಇಲ್ಲಿ ನಾನು ಮೂರು ಸಂಗತಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಊರಿನಲ್ಲಿ ಆಗ ಉದ್ಯಾನಕ್ಕೆ ಬೇಕಾದಷ್ಟು ಖಾಲಿ ಜಾಗ ಇತ್ತು ಎಂದು ಮನೆ ಕಳೆದುಕೊಳ್ಳುವವರು ಅಂದೇ ವಾದಿಸಿದ್ದರು. ತುರ್ತಾಗಿ ಬೇಕೆಂದು ತೆಗೆದುಕೊಂಡ ನೆಲ ಕಟ್ಟಡ ಕೆಡವಿದ ಮೇಲೆ ದಶಕಗಳ ಕಾಲ ಬರಿದೇ ಬಿದ್ದಿತ್ತು. ಮೂರನೆಯದು, ಸ್ವಾಧೀನದ ಪರವಾಗಿ ಮತ ಹಾಕಿದ ಮಂಡಳಿಯ ಸದಸ್ಯರಲ್ಲೊಬ್ಬರಾದ ಫ್ರಾಂಕ್ ಡಾಹರ್ಟಿ 1940ರ ದಶಕದಲ್ಲಿ ಸ್ಥಳೀಯ ಪತ್ರಿಕೆಗೆ ಬರೆದದ್ದು. ಸಮಸ್ಯೆಯನ್ನು ಪರಿಹರಿಸಲು ಆ ಎರಡು ಬ್ಲಾಕುಗಳನ್ನು ಪಡೆಯಬೇಕಾಗಿತ್ತು, ನಿಜವಾದ ಕಾರಣವನ್ನು ಆಗ ಬಾಯಿಬಿಟ್ಟು ಹೇಳುವಂತಿರಲಿಲ್ಲ ಎಂಬ ಭಾವದ ಮಾತುಗಳು ಅಲ್ಲಿವೆ. ಎಷ್ಟೋ ವರ್ಷಗಳ ನಂತರದ ನೆನಪು ಇದು, ನೆನಪು ಮೋಸ ಮಾಡುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ನೆನಪು ಸಾಮಾನ್ಯವಾಗಿ ಮೋಸ ಮಾಡುವುದು ತನ್ನನ್ನು ತಾನು ಚೆನ್ನಾಗಿ ತೋರಿಸಿಕೊಳ್ಳುವ ದಿಕ್ಕಿನಲ್ಲಿ. ತಾವೇ ಭಾಗಿಯಾದ ಕೆಲಸದ ಬಗ್ಗೆ ಹೀಗೆ ಬರೆದವರ ಮಾತನ್ನು ಮೊದಲೆರಡು ಸಂಗತಿಗಳು ಎತ್ತಿ ಹಿಡಿಯುವಾಗ, ನಾನು ಅದನ್ನು ಒಪ್ಪುತ್ತೇನೆ.

ಈ ಸಾಕ್ಷ್ಯಗಳನ್ನು ಮೊದಲು ಒಟ್ಟುಗೂಡಿಸಿದವರು ರಾಬರ್ಟ್ ಬ್ರಿಗಮ್. ಮ್ಯಾನ್‌ಹಟನ್ ಬೀಚಿನಲ್ಲಿ ಕಪ್ಪು ಜನರ ಭೂ ಒಡೆತನದ ಬಗ್ಗೆ ಅವರು 1956ರಲ್ಲಿ ಫ್ರೆಸ್ನೋದ ಕಾಲೇಜಿಗೆ ಸ್ನಾತಕೋತ್ತರ ಪ್ರಬಂಧ ಸಲ್ಲಿಸಿದರು. ಅಂದರೆ 2007ರ ಫಲಕ ಏಳುವ ಹೊತ್ತಿಗೆ ಅದರ ವಾಕ್ಯವನ್ನು ಪ್ರಶ್ನಿಸಬಲ್ಲ ಬರಹ ಅರ್ಧ ಶತಮಾನದಷ್ಟು ಹಳೆಯದಾಗಿತ್ತು. ಸಾಕ್ಷ್ಯ ಇರುವುದೂ, ಅದು ಊರಿನ ತಿಳಿವಳಿಕೆಯಾಗುವುದೂ ಬೇರೆ ಬೇರೆ ಎಂಬುದು ನನಗೆ ಇಲ್ಲಿ ಮನವರಿಕೆಯಾಯಿತು.

ಇಡೀ ಹುಡುಕಾಟದ ದಿಕ್ಕು ಬದಲಿಸಿದ ಸಂಗತಿ ಬಂದದ್ದು ಇದರ ನಂತರ, ಎರಡು ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟಾಗ. ಒಂದು ಪೆಕ್ ಬಡಾವಣೆಯ ಹಳೆಯ ನಕ್ಷೆ, ಇನ್ನೊಂದು ತೆರಿಗೆ ನಿಗದಿ ಮಾಡುವ ಕೌಂಟಿ ಅಸೆಸರ್ ಇಲಾಖೆಯ ಇಂದಿನ ನಕ್ಷೆ. ಅಸೆಸರ್ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಹತ್ತು ಅಂಕಿಗಳ ಸಂಖ್ಯೆ ಇರುತ್ತದೆ. ಅದು ತೆರಿಗೆಯ ಅನುಕೂಲಕ್ಕೆ ಇಟ್ಟದ್ದು, ನಮ್ಮ ಖಾತೆಯಂತೆ ಒಡೆತನದ ಪುರಾವೆಯಲ್ಲ; ಆದರೆ ಬ್ಲಾಕು, ನಿವೇಶನದ ಹಳೆಯ ಸಂಖ್ಯೆಗಳನ್ನೂ ಅಲ್ಲಿ ಗುರುತಿಸಿರುತ್ತಾರೆ. 5ನೇ ಬ್ಲಾಕಿನ 8 ಮತ್ತು 9 ಎಲ್ಲಿವೆ ಎಂದು ನೋಡಿದರೆ, ಅವು ಫಲಕ ನಿಂತಿದ್ದ ಉದ್ಯಾನದಲ್ಲಿಲ್ಲ. ಉದ್ಯಾನದ ಕೆಳಗೆ, ಮರಳಿಗೆ ತಾಗಿದ ಸ್ಟ್ರ್ಯಾಂಡ್ ಎಂಬ ಕಾಲುದಾರಿಯ ಅಂಚಿನಲ್ಲಿವೆ. ಅಲ್ಲಿ ಈಗ ಇರುವುದು ಕೌಂಟಿಯ ಜೀವರಕ್ಷಕ ಪಡೆಯ ಕಚೇರಿ. ಬ್ರೂಸ್ ಹೆಸರು ಹೊತ್ತ ಉದ್ಯಾನ ಬ್ರೂಸ್ ಕುಟುಂಬದ ನೆಲವಲ್ಲ. ಬ್ರೂಸ್ ಕುಟುಂಬದ ನೆಲದ ಮೇಲೆ ಅವರ ಹೆಸರಿರಲಿಲ್ಲ.

ಇದು ಬರೀ ಭೂಗೋಳದ ಸೂಕ್ಷ್ಮವಾಗಿ ಉಳಿಯಲಿಲ್ಲ. ಆ ಎರಡು ನಿವೇಶನಗಳ ಹಿಂದೆ ಹೋದರೆ ಒಡೆತನದ ಸರಪಳಿ ಬೇರೆಯೇ ಆಗುತ್ತದೆ. ಎತ್ತರದ ಭಾಗ ನಗರದ ಬಳಿಯೇ ಉಳಿದು ಉದ್ಯಾನವಾಯಿತು. ಸಮುದ್ರದಂಚಿನ ಭಾಗವನ್ನು ನಗರ 1948ರಲ್ಲಿ ರಾಜ್ಯಕ್ಕೆ ಕೊಟ್ಟಿತು. ರಾಜ್ಯ 1995ರಲ್ಲಿ ಅದನ್ನು ಕೌಂಟಿಗೆ ವರ್ಗಾಯಿಸಿತು, ಇದನ್ನು ಬೇರೆಯವರಿಗೆ ಪರಭಾರೆ ಮಾಡುವಂತಿಲ್ಲ ಎಂಬ ಷರತ್ತಿನೊಂದಿಗೆ. ಹಾಗಾಗಿ 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಬ್ರೂಸ್ ನೆಲದ ಪ್ರಶ್ನೆ ಮತ್ತೆ ಎದ್ದು, ಕೇವನ್ ವಾರ್ಡ್ ಮುಂತಾದವರು ಹೋರಾಟಕ್ಕಿಳಿದಾಗ, ಹಿಂದಿರುಗಿಸುವ ಅಧಿಕಾರ ನಗರದ ಕೈಯಲ್ಲಿ ಇರಲೇ ಇಲ್ಲ. ಇದ್ದದ್ದು ಕೌಂಟಿಯ ಕೈಯಲ್ಲಿ. ಕೌಂಟಿಯ ಮೇಲ್ವಿಚಾರಕಿ ಜಾನಿಸ್ ಹಾನ್ ಆ ಜಾಗ ಕೌಂಟಿಯದೇ ಎಂಬುದನ್ನು ತಿಳಿದು ಹಿಂದಿರುಗಿಸುವ ಪ್ರಸ್ತಾಪ ಮುಂದಿಟ್ಟರು. ಷರತ್ತು ತೆಗೆಯಲು ರಾಜ್ಯದ ಕಾನೂನು ಬೇಕಾಯಿತು. ಎಸ್‌ಬಿ 796 ಎಂಬ ಆ ಮಸೂದೆಗೆ 2021ರ ಸೆಪ್ಟೆಂಬರ್ 30ರಂದು ಗವರ್ನರ್ ಸಹಿ ಬಿತ್ತು. ವಾರಸುದಾರರು ಯಾರು ಎಂಬುದನ್ನು ಕೌಂಟಿ ಪರಿಶೀಲಿಸಿ, ಚಾರ್ಲ್ಸ್ ಮತ್ತು ವಿಲ್ಲಾ ಅವರ ಮರಿಮಕ್ಕಳಿಬ್ಬರನ್ನು ಗುರುತಿಸಿತು. ಸಾರ್ವಜನಿಕ ಆಸ್ತಿಯನ್ನು ದಾನ ಮಾಡುವಂತಿಲ್ಲ ಎಂದು ಒಬ್ಬರು ಹೂಡಿದ ದಾವೆಯನ್ನು 2022ರ ಏಪ್ರಿಲ್‌ನಲ್ಲಿ ಕೋರ್ಟು ಒಪ್ಪಲಿಲ್ಲ. ಜನಾಂಗ ತಾರತಮ್ಯದ ತಪ್ಪನ್ನು ಸರಿಪಡಿಸುವುದೂ ಸಾರ್ವಜನಿಕ ಉದ್ದೇಶವೇ ಎಂಬ ನಿಲುವು ಗೆದ್ದಿತು.

2022ರ ಜುಲೈ 20ರಂದು ಅದೇ ಕಡಲತೀರದಲ್ಲಿ ನಡೆದ ಸಮಾರಂಭದಲ್ಲಿ ಕೌಂಟಿಯ ರೆಕಾರ್ಡರ್ ಡೀನ್ ಲೋಗನ್ ದಾಖಲಾದ ಪತ್ರದ ಪ್ರತಿಯನ್ನು ಕುಟುಂಬಕ್ಕೆ ಕೊಟ್ಟರು. ಕೌಂಟಿ ವರ್ಷಕ್ಕೆ 4,13,000 ಡಾಲರ್ ಬಾಡಿಗೆಗೆ ಜಾಗವನ್ನು ಅವರಿಂದಲೇ ಪಡೆಯಿತು. 2023ರ ಜನವರಿಯಲ್ಲಿ ಕುಟುಂಬ ಅದನ್ನು ಸುಮಾರು ಎರಡು ಕೋಟಿ ಡಾಲರಿಗೆ ಕೌಂಟಿಗೇ ಮಾರುವುದಾಗಿ ತಿಳಿಸಿತು. ಹಿಂದಿರುಗಿಸಿದ ನೆಲವನ್ನು ಉಳಿಸಿಕೊಳ್ಳಬೇಕಿತ್ತು ಎಂದು ಬೇಸರಪಟ್ಟವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಖಾಸಗಿ ಕಟ್ಟಡ ಕಟ್ಟುವುದಕ್ಕೆ ಯೋಜನಾ ನಿಯಮಗಳು ಅಡ್ಡವಿದ್ದವು. ಅದಕ್ಕಿಂತ ಮುಖ್ಯವಾಗಿ, ತನ್ನ ಆಸ್ತಿಯನ್ನು ತಾನು ಬಯಸಿದಾಗ, ತಾನು ಒಪ್ಪಿದ ಬೆಲೆಗೆ ಮಾರುವುದು ಮಾಲೀಕನ ಹಕ್ಕು. ವಿಲ್ಲಾ ಬ್ರೂಸ್ ಅವರಿಗೆ ಇಲ್ಲದೆ ಹೋದದ್ದು ಅದೇ. ಕೊಟ್ಟವರ ಪಟ್ಟಿಯಲ್ಲಿ ಬ್ರೂಸ್ ಹೆಸರು ಈ ಸಲ ಬಂದಿರುವುದು ಕುಟುಂಬದ ಸಹಿಯೊಂದಿಗೆ.

ಪೆಕ್ ಕೃಪೆಯ ವಾಕ್ಯವಿದ್ದ ಫಲಕ ಈಗಿಲ್ಲ. ಮ್ಯಾನ್‌ಹಟನ್ ಬೀಚ್ ನಗರ ತನ್ನ ಇತಿಹಾಸವನ್ನು ಹೊಸದಾಗಿ ಪರಿಶೀಲಿಸಲು ಸಮಿತಿ ನೇಮಿಸಿ, 2023ರಲ್ಲಿ ಹೊಸ ಫಲಕ ನಿಲ್ಲಿಸಿತು. ಅದರಲ್ಲಿ ಸ್ವಾಧೀನದ ಕಾರಣ ನೇರವಾಗಿ ಬರೆದಿದೆ. ಆದರೆ 1924ರ ಪ್ರಕರಣದಲ್ಲಿ ಮನೆ ಕಳೆದುಕೊಂಡ ಕಪ್ಪು ಕುಟುಂಬ ಬ್ರೂಸ್ ಒಂದೇ ಅಲ್ಲ. ಅಮೆರಿಕದ ಸೇನೆಯಲ್ಲಿ ಮೇಜರ್ ಹುದ್ದೆಯವರೆಗೆ ಏರಿದ್ದ ಪಾದ್ರಿ ಜಾರ್ಜ್ ಪ್ರಿಯೊಲೊ ಅವರ ಮನೆಯೂ ಆ ಬ್ಲಾಕುಗಳಲ್ಲಿತ್ತು. ಅವರಂಥ ಇನ್ನೂ ಕೆಲವು ಮನೆತನಗಳಿದ್ದವು. ಅವರ ನಿವೇಶನಗಳು 1948ರಲ್ಲಿ ರಾಜ್ಯಕ್ಕೆ ಹೋದ ಅಂಚಿನ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ 2021ರ ಕಾನೂನು ಅವುಗಳನ್ನು ಮುಟ್ಟುವುದಿಲ್ಲ. ಅವು ಇರುವುದು ಮೇಲಿನ ಹುಲ್ಲಿನ ಉದ್ಯಾನದಲ್ಲಿ. ದಾಖಲೆಯ ಪ್ರಕಾರ ಅವುಗಳ ಮಾಲೀಕ ಇವತ್ತಿಗೂ ಮ್ಯಾನ್‌ಹಟನ್ ಬೀಚ್ ನಗರವೇ.